ಚಾಕೊಲೇಟ್ ಪೆಟ್ಟಿಗೆಯ ಹಿಂದಿನ ಗೋಡೆ

ಲಂಡನ್ನಿನ ಕ್ಯಾರೋ ಲೇನ್ ಸುರಂಗ ನಿಲ್ದಾಣದಲ್ಲಿ ನಾನು ಟಿಕೆಟ್ ನೋಡುತ್ತಿದ್ದೆ, ಏಡಾ ಲಬ್ಬಕ್ ನೆಲ ಉಜ್ಜುತ್ತಿದ್ದಳು. ಕೊಳೆ ಕಂಡರೆ ಅವಳ ಮೈ ಉರಿಯುತ್ತಿತ್ತು. "ಬೂಟು ಒರೆಸ್ಕೊಂಡು ಬಾರಯ್ಯಾ ಫಿಚ್, ಇದೇನು ನಿಮ್ಮಪ್ಪನ ಕೊಟ್ಟಿಗೆನಾ?" ಎಂದು ಸ್ಟೇಷನ್ ಮಾಸ್ತರರ ಎದುರೇ ನನ್ನ ಮಾನ ಕಳೆಯುತ್ತಿದ್ದಳು.

ಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಕೇರಿಗೆ ಕೇರಿಯೇ ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಜಾಗ. ಏಡಾ ಮತ್ತು ಮಗಳು ಪೆಗ್ಗಿಯದು ಕೊನೆಯ ಗೋಡೆಯ ಬುಡ. ಆರು ವರ್ಷದ ಪೆಗ್ಗಿ ಒಂದು ಬೆಳಿಗ್ಗೆ ಮನೆಬಾಗಿಲ ಹಾಲಿನ ಬಾಟಲಿ ತರಲು ಮೇಲೆ ಹೋದಳು. ಮನೆ ಅವಳ ಮೇಲೇ ಕುಸಿಯಿತು. ನಾಲ್ಕನೆಯ ದಿನ ಏಡಾ ಕೆಲಸಕ್ಕೆ ಬಂದು, ಕಾಸು ಹಾಕಿದರೆ ಚಾಕೊಲೇಟ್ ಬೀಳುವ ಕಬ್ಬಿಣದ ಪೆಟ್ಟಿಗೆಯನ್ನು ಆ ಗೋಡೆಗೆ ತಳ್ಳಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ.

ಯುದ್ಧ ಮುಗಿದ ಹತ್ತು ವರ್ಷಕ್ಕೆ, ಪ್ರಯಾಣಿಕರಿಲ್ಲವೆಂದು ನಿಲ್ದಾಣ ಮುಚ್ಚಿದರು. ಕೊನೆಯ ದಿನ ತೊಳೆದು ಒಪ್ಪಿಸುವುದು ನಮ್ಮವರ ಪದ್ಧತಿ, ಹೆಣಕ್ಕೆ ಸ್ನಾನ ಮಾಡಿಸಿದ ಹಾಗೆ. ಏಡಾ ಜ್ವರದಿಂದ ಮಲಗಿದ್ದಳು. ಅವಳಿದ್ದರೆ ಒಂದು ಮೂಲೆಯನ್ನೂ ಬಿಡುತ್ತಿರಲಿಲ್ಲವೆಂದು ನಾನೇ ಪೆಟ್ಟಿಗೆ ಸರಿಸಿದೆ. ಹಿಂದಿನ ಬಿಳಿ ಟೈಲ್ಸ್ ಮೇಲೆ ಕೆಂಪು ಗೆರೆಗಳು. ಯಾವ ಪೋಕರಿ ಗೀಚಿದನೋ ಎಂದು ಬೈದುಕೊಂಡು ಸೋಪು ಹಾಕಿ ತಿಕ್ಕಿದೆ.

ಏಡಾ ಚೇತರಿಸಿಕೊಳ್ಳುವಷ್ಟರಲ್ಲಿ ಬೀಗ ಬಿದ್ದಿತ್ತು. ಒಮ್ಮೆ ಕೆಳಗೆ ಬಿಡಿ ಎಂದು ಹನ್ನೊಂದು ವರ್ಷ ಕಚೇರಿಗೆ ಅರ್ಜಿ ಬರೆದಳು. ಕೊನೆಗೆ ಅಲ್ಲಿನ ನೀರೆತ್ತುವ ಪಂಪು ನೋಡುವ ಕೆಲಸ ನನಗೆ ಬಂತು, ಬೀಗದ ಕೈಯೂ ಬಂತು. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆಂದು ಬೀಗುತ್ತಾ ಅವಳನ್ನು ಕರೆದೊಯ್ದೆ.

ಮೆಟ್ಟಿಲಿಳಿಯುವಾಗ ಅವಳು ಬಾಯಿಬಿಟ್ಟಳು.

"ತಿಂಗಳಿಗೊಂದ್ಸಲ ಪೆಗ್ಗಿನ ಗೋಡೆಗೆ ನಿಲ್ಸಿ, ನನ್ನ ಲಿಪ್‌ಸ್ಟಿಕ್‌ನಲ್ಲಿ ಅವಳ ಎತ್ತರ ಗೀಚ್ತಿದ್ದೆ ಕಣೋ. ಮನೆ ಜೊತೆ ಫೋಟೋನೂ ಹೋಯ್ತು. ಅವಳು ಎಷ್ಟೆತ್ತರ ಇದ್ಲು ಅಂತ ಈಗ ಆ ಗೋಡೆಗೆ ಮಾತ್ರ ಗೊತ್ತು."

ನಾನು ಅವಳಿಗೆ ಅಡ್ಡ ನಿಂತೆ. "ಕೆಳಗೆ ನೀರು ನಿಂತಿದೆ ಏಡಾ, ವಾಪಸ್ ಹೋಗೋಣ" ಎಂದು ಸುಳ್ಳು ಹೇಳಿದೆ.

"ನಾನು ಕಾಣದ ನೀರಾ?" ಎಂದು ಇಳಿದೇಬಿಟ್ಟಳು.

ಗೋಡೆಯ ಕಪ್ಪು ಧೂಳನ್ನು ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದಳು. ಕೆಳಗೆ ಬರೀ ಬಿಳುಪು.

"ನಾನೇ ತಿಕ್ಕಿದ್ದು," ಎಂದೆ. "ನಿನ್ನ ಕೆಲ್ಸ ಅರ್ಧ ಆಗ್ಬಾರ್ದು ಅಂತ..."

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಅಂಗೈಯನ್ನು ಸೊಂಟದೆತ್ತರಕ್ಕೆ ಗೋಡೆಗೆ ಒತ್ತಿದಳು. ತುಸು ಮೇಲಕ್ಕೆ ಸರಿಸಿದಳು. ಮತ್ತೆ ಕೆಳಕ್ಕೆ.

"ಇಲ್ಲಿ... ಅಲ್ಲ, ಇಲ್ಲಿ. ನೀನು ನೋಡಿದ್ಯಲ್ಲ ಫಿಚ್, ಮೇಲಿನ ಗೆರೆ ಎಲ್ಲಿತ್ತು ಹೇಳೋ."

ನನಗೆ ನೆನಪಿರಲಿಲ್ಲ.