ಮರ ನುಂಗಿದ ಮೊಳೆಗಳು

ಕೊರೋನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ವಿಭಾಗದ ಮುಖ್ಯಸ್ಥನಾಗಿದ್ದೆ. ಬಾಯ್ಲರಿನ ಒತ್ತಡ, ರಸದ ಉಷ್ಣತೆ, ಟ್ಯಾಂಕಿನ ಮಟ್ಟ ಇವನ್ನೆಲ್ಲ ಅಳೆದು ತೋರಿಸುವ ಉಪಕರಣಗಳನ್ನು ಸುಸ್ಥಿತಿಯಲ್ಲಿಡುವುದು ನಮ್ಮ ವಿಭಾಗದ ಕೆಲಸ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಆಫ್ ಸೀಸನ್ ಅದು. ಕಬ್ಬು ನುರಿಸುವುದು ನಿಂತು, ಯಂತ್ರಗಳನ್ನೆಲ್ಲ ಬಿಚ್ಚಿ ಹರವಿದ್ದೆವು. ಭಾನುವಾರ ಮಾತ್ರ ಬಿಡುವು.

ಅಂಥ ಒಂದು ಭಾನುವಾರ ಗೋಕಾಕದಿಂದ ಶಿವಲಿಂಗನ ಫೋನ್ ಬಂತು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವನಿಗೆ ಅಲ್ಲೊಂದು ಮರ ಕೊಯ್ಯುವ ಸಾ ಮಿಲ್ ಇದೆ. "ಪುರಸೊತ್ತು ಇದ್ರ ಬಂದು ಹೋಗೋ. ಬಾಳಪ್ಪನ ಮಾರಿಗೆ ಬ್ಲೇಡ್ ಸಿಡದೈತಿ," ಎಂದ.

ಬಾಳಪ್ಪ ಆ ಮಿಲ್ಲಿನ ಹಿರಿಯ ಮಿಸ್ತ್ರಿ. ನಮ್ಮ ಮನೆಯ ಬಾಗಿಲು ಕಿಟಕಿಗಳ ಮರವನ್ನೆಲ್ಲ ಕೊಯ್ದುಕೊಟ್ಟವನು ಅವನೇ. ದಿಮ್ಮಿಯ ತಲೆ ನೋಡಿ ಒಳಗಿನ ಸೀಳು ಹೇಳುತ್ತಿದ್ದ. ಹುಕ್ಕೇರಿ ಕಡೆಯ ರಸ್ತೆ ಅಗಲಮಾಡುವಾಗ ಉರುಳಿಸಿದ ಬೇವು, ಹುಣಸೆ, ಜಾಲಿ ಮರಗಳನ್ನು ಶಿವಲಿಂಗ ಹರಾಜಿನಲ್ಲಿ ಹಿಡಿದಿದ್ದ. ರಸ್ತೆ ಬದಿಯ ಮರಗಳೆಂದರೆ ಊರಿನ ನೋಟೀಸ್ ಬೋರ್ಡು. ಟ್ಯೂಷನ್ ಕ್ಲಾಸಿನ ತಗಡು, ಚುನಾವಣೆಯ ಫಲಕ, ಚಹಾ ಅಂಗಡಿಯವರು ತಾಡಪತ್ರಿ ಕಟ್ಟಿದ ಕೊಕ್ಕೆ, ಎಲ್ಲವನ್ನೂ ಮರಕ್ಕೇ ಹೊಡೆಯುತ್ತಾರೆ. ತಗಡು ಉದುರಿ ಹೋಗುತ್ತದೆ, ಮೊಳೆ ಉಳಿಯುತ್ತದೆ. ಮರ ಬೆಳೆದ ಹಾಗೆ ತೊಗಟೆ ಅದರ ಮೇಲೆ ಮುಚ್ಚಿಕೊಳ್ಳುತ್ತದೆ.

ದಿಮ್ಮಿ ಸೀಳುವ ಬ್ಯಾಂಡ್ ಸಾ ಎಂದರೆ ಹಲ್ಲುಗಳಿರುವ ಉದ್ದನೆಯ ಉಕ್ಕಿನ ಪಟ್ಟಿ. ಎರಡು ದೊಡ್ಡ ಚಕ್ರಗಳ ಮೇಲೆ ಅದು ಓಡುವ ವೇಗಕ್ಕೆ ಹಲ್ಲು ಕಣ್ಣಿಗೆ ಕಾಣುವುದಿಲ್ಲ. ಹುಣಸೆಯ ದಿಮ್ಮಿಯೊಂದರಲ್ಲಿ ಆ ಪಟ್ಟಿ ಕಬ್ಬಿಣಕ್ಕೆ ತಾಗಿ ತುಂಡಾಗಿತ್ತು. ಚೂರೊಂದು ಬಾಳಪ್ಪನ ಕಣ್ಣಿನ ಕೆಳಗೆ ಹೊಕ್ಕಿತ್ತು. ಡಾಕ್ಟರು ಹೊಲಿಗೆ ಹಾಕಿದ್ದರು, ಕಣ್ಣು ಉಳಿದಿತ್ತು. ಮಿಲ್ಲಿನ ಉಳಿದವರು ಆ ಮರಗಳನ್ನು ಮುಟ್ಟುವುದಿಲ್ಲವೆಂದು ಕೈಕಟ್ಟಿ ಕೂತಿದ್ದರು.

ನಾನು ಬಾಳಪ್ಪನ ಮನೆಗೆ ಹೋದೆ. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಅವನು ಒರಗಿ ಕೂತಿದ್ದ, ಮುಖದ ಒಂದು ಬದಿ ಊದಿಕೊಂಡಿತ್ತು. ಅವನ ಹೆಂಡತಿ ಕಸ್ತೂರಿ ಅರಭಾವಿಯ ಒಂದು ಸಸಿತೋಟದಲ್ಲಿ ದಿನಗೂಲಿಯ ಮೇಲೆ ಕಸಿ ಕಟ್ಟುತ್ತಿದ್ದಳು. ಚಹಾ ಕೊಟ್ಟು ಎದುರಿಗೇ ನಿಂತಳು.

"ಹೊಲಿಗಿ ಬಿಚ್ಚಿದ ಮ್ಯಾಲ ಹೋಗ್ತೀನಿ ಸಾಹೇಬ್ರ. ನನಗ ಬ್ಯಾರೆ ಕೆಲಸ ಬರಂಗಿಲ್ಲ," ಎಂದ ಬಾಳಪ್ಪ.

"ಹೋಗ್ರಿ, ಯಾರ ಬ್ಯಾಡ ಅಂದ್ರು?" ಎಂದಳು ಕಸ್ತೂರಿ. "ದಿಮ್ಮಿ ಒಳಗ ಏನೈತಿ ಅಂತ ಮೊದಲ ಹೇಳ್ರಿ, ಆಮ್ಯಾಲ ಹೋಗ್ರಿ."

ಆ ಪ್ರಶ್ನೆ ನನ್ನ ವೃತ್ತಿಯದ್ದು. ಒಳಗೇನಿದೆ ಎಂದು ಬಿಚ್ಚದೆ ಹೇಳುವುದಕ್ಕೇ ನನಗೆ ಇಷ್ಟು ವರ್ಷ ಪಗಾರ ಕೊಟ್ಟಿದ್ದರು. ಹೇಗಾದರೂ ಇದನ್ನು ಬಗೆಹರಿಸಿಯೇ ಬಿಡಬೇಕು ಎಂದು ಅಲ್ಲೇ ನಿರ್ಧಾರ ಮಾಡಿದೆ.

ಕಬ್ಬಿನ ಜೊತೆ ಬರುವ ಕುಡುಗೋಲು, ಬೋಲ್ಟುಗಳನ್ನು ಎಳೆದುಕೊಳ್ಳಲು ನಮ್ಮ ಕಾರ್ಖಾನೆಯಲ್ಲಿ ದೊಡ್ಡ ಅಯಸ್ಕಾಂತ ತೂಗುಹಾಕಿರುತ್ತೇವೆ. ಮರದೊಳಗೆ ಹೂತ ಮೊಳೆಯ ಮುಂದೆ ಅದರ ಆಟ ನಡೆಯದು. ಸಿನಿಮಾ ಥಿಯೇಟರಿನ ಬಾಗಿಲಲ್ಲಿ ಮೈಮೇಲೆ ಆಡಿಸುವ ಕೈ ಡಿಟೆಕ್ಟರ್ ತಂದು ನೋಡಿದೆ. ಅದಕ್ಕೆ ತೊಗಟೆ ದಾಟಿದ ಮೇಲೆ ಏನೂ ತಿಳಿಯುತ್ತಿರಲಿಲ್ಲ. ದಿಮ್ಮಿಯೇ ತೂರಿಹೋಗುವಂಥ ಚೌಕಟ್ಟು ಬೇಕಿತ್ತು.

ಅದರ ತತ್ವ ಸರಳ. ಮರದ ಚೌಕಟ್ಟಿಗೆ ತಾಮ್ರದ ತಂತಿಯ ಮೂರು ಸುರುಳಿ ಸುತ್ತುತ್ತೇವೆ. ನಡುವಿನದು ಸಂಕೇತ ಕಳಿಸುತ್ತದೆ, ಅಕ್ಕಪಕ್ಕದ ಎರಡು ಕೇಳಿಸಿಕೊಳ್ಳುತ್ತವೆ. ಎರಡಕ್ಕೂ ಸಮನಾಗಿ ಕೇಳಿಸಿದರೆ ಲೆಕ್ಕ ಸೊನ್ನೆ. ನಡುವೆ ಕಬ್ಬಿಣ ಹಾದರೆ ಆ ಸಮ ತಪ್ಪಿ ಗಂಟೆ ಬಾರಿಸುತ್ತದೆ. ಶಿವಲಿಂಗ ಚೌಕಟ್ಟು ಮಾಡಿಸಿಕೊಟ್ಟ, ನಾನು ಸುರುಳಿ ಸುತ್ತಿ ಸರ್ಕಿಟ್ ಕಟ್ಟಿದೆ.

ಮೊದಲ ಪರೀಕ್ಷೆ ನಗೆಪಾಟಲಾಯಿತು. ಮಿಲ್ಲಿನಲ್ಲಿ ದಿಮ್ಮಿ ಸಾಗುವುದು ಹಳಿಯ ಮೇಲಿನ ಕಬ್ಬಿಣದ ಟ್ರಾಲಿಯಲ್ಲಿ. ಟ್ರಾಲಿ ಹತ್ತಿರ ಬಂದಕೂಡಲೇ ಗಂಟೆ ಹೊಡೆದುಕೊಳ್ಳಲು ಶುರುಮಾಡಿ ನಿಲ್ಲಲೇ ಇಲ್ಲ. ಹಮಾಲರು ಬಿದ್ದುಬಿದ್ದು ನಕ್ಕರು.

ಗಾಯಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದು ಕೂತಿದ್ದ ಬಾಳಪ್ಪ ನಗಲಿಲ್ಲ. "ಕಬ್ಬಿಣ ಇಲ್ಲದ ದಾರಿ ಬೇಕಂತೀರಿ, ಹೌದಲ್ರಿ?" ಎಂದು ಕೇಳಿದ. ಹೌದೆಂದೆ. ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ ಕೂತೆವು. ರೋಲರ್ ಸಾಲು ನನ್ನ ಯೋಚನೆ. ಅದನ್ನು ಜಾಲಿ ಮರದಲ್ಲೇ ಮಾಡುವುದು ಅವನ ಯೋಚನೆ. ಬಂಡಿಯ ಗಾಲಿಗೆ ಬಳಸುವ ಗಟ್ಟಿ ಮರ ಅದು. ಮರದ ಉರುಳೆಗಳು, ಅವು ತಿರುಗಲು ಮರದ್ದೇ ಗುಳಿ, ಜೋಡಣೆಗೆಲ್ಲ ಮರದ ಗೂಟ, ಸವೆಯದಂತೆ ಹರಳೆಣ್ಣೆ. ಒಂದೇ ಒಂದು ಮೊಳೆ, ಒಂದು ಸ್ಕ್ರೂ ಇಲ್ಲ. ಮಾಡಿ ಮುಗಿಸುವಷ್ಟರಲ್ಲಿ ಬಾಳಪ್ಪನ ಹೊಲಿಗೆ ಬಿಚ್ಚಿದ್ದರು.

ಆಮೇಲೆ ಹಸಿಮರದ ಕಾಟ. ಹಸಿ ದಿಮ್ಮಿಯಲ್ಲಿನ ಉಪ್ಪುನೀರಿನಲ್ಲೂ ಒಂದಿಷ್ಟು ವಿದ್ಯುತ್ ಹರಿಯುತ್ತದೆ, ಯಂತ್ರ ಅದನ್ನೂ ಕಬ್ಬಿಣವೆಂದು ಕೂಗುತ್ತಿತ್ತು. ಸಂಕೇತದ ಫ್ರೀಕ್ವೆನ್ಸಿ, ಅಂದರೆ ಅದು ಸೆಕೆಂಡಿಗೆ ಮಿಡಿಯುವ ಲೆಕ್ಕವನ್ನು ಇಳಿಸುತ್ತ ಹೋದಂತೆ ಆ ಸುಳ್ಳು ಗಂಟೆ ಬಹಳಷ್ಟು ಕಡಿಮೆಯಾಯಿತು. ಪೂರ್ತಿ ಹೋಯಿತೆಂದು ನಾನು ಯಾವತ್ತೂ ಹೇಳಿಲ್ಲ.

ಮಳೆಗಾಲ ಹತ್ತಿರವಾಗುತ್ತಿತ್ತು. ಶಿವಲಿಂಗನಿಗೆ ಅವಸರ, ಬಾಳಪ್ಪನಿಗೆ ಅವನಿಗಿಂತ ಹೆಚ್ಚು. ಆದರೆ ಕಸ್ತೂರಿ ಒಪ್ಪಲಿಲ್ಲ. "ನೀವ ಮೊಳಿ ಇಟ್ಟು ನೀವ ಹುಡುಕಿದ್ರ ಅದೆಂಥಾ ಪರೀಕ್ಷೆ ಸಾಹೇಬ್ರ? ನಾ ಇಡ್ತೀನಿ, ನೀವು ಹುಡುಕ್ರಿ," ಎಂದಳು. ಆ ಮಾತಿಗೆ ನಾನು ಇಲ್ಲವೆನ್ನುವಂತಿರಲಿಲ್ಲ.

ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳು ತನಗೆ ಬೇಕಾದ ದಿಮ್ಮಿಗಳನ್ನು ಆರಿಸಿದಳು. ಡ್ರಿಲ್ಲಿನಿಂದ ತೂತು ಕೊರೆದು, ಮೊಳೆ ತುರುಕಿ, ಅದೇ ಮರದ ಚಕ್ಕೆಯಿಂದ ಮುಚ್ಚಿ, ಮೇಲೆ ಮಣ್ಣು ಸವರಿದ್ದಳು. ಕಸಿ ಕಟ್ಟಿದ ಕೈ, ಗುರುತು ಎಲ್ಲೂ ಕಾಣಲಿಲ್ಲ. ದಿಮ್ಮಿಗಳು ಒಂದೊಂದಾಗಿ ಉರುಳೆಯ ಮೇಲೆ ಹಾದವು. ಒಂದು ಬೇವಿನ ದಿಮ್ಮಿಗೆ ಗಂಟೆ ಬಾರಿಸಿತು. ಕೆತ್ತಿ ನೋಡಿದಾಗ ಉದ್ದ ಮೊಳೆ ಸಿಕ್ಕಿತು. ಶಿವಲಿಂಗ ಚಪ್ಪಾಳೆ ತಟ್ಟಿದ.

ಗಂಟೆಯಾಗದೆ ದಾಟಿಹೋದ ಇನ್ನೊಂದು ದಿಮ್ಮಿಯ ಹತ್ತಿರ ಕಸ್ತೂರಿ ಹೋಗಿ, ಉಗುರಿನಿಂದ ಮಣ್ಣು ತೆಗೆದು, ಚಕ್ಕೆ ಕಿತ್ತಳು. ತಲೆ ಮುರಿದ ಒಂದು ಸಣ್ಣ ಮೊಳೆಯನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ಸಾಲಂಗಿಲ್ರಿ?" ಎಂದಳು.

ಸಾಕಾಗುತ್ತಿತ್ತು. ಬ್ಲೇಡಿನ ಹಲ್ಲು ಹಾರಿಸಲು ಅಷ್ಟೇ ಸಾಕು. ಶಿವಲಿಂಗನಿಗೆ ಕೋಪ ಬಂತು, "ನೂರಕ್ಕ ನೂರು ಗ್ಯಾರಂಟಿ ಯಾರೂ ಕೊಡಂಗಿಲ್ಲವಾ," ಎಂದ. ನಾನು ಅವನ ಭುಜ ಹಿಡಿದು ಸುಮ್ಮನಾಗಿಸಿದೆ. ನಿಜ ಹೇಳಬೇಕೆಂದರೆ ನನಗೂ ಮುಖಭಂಗವಾಗಿತ್ತು. ಅದರ ಜೊತೆಗೆ ಹಟವೂ ಏರಿತ್ತು.

ಮುಂದಿನ ಭಾನುವಾರಗಳು ಅದಕ್ಕೇ ಹೋದವು. ದೊಡ್ಡ ಚೌಕಟ್ಟಿನ ನಟ್ಟನಡುವೆ ಸಣ್ಣ ಮೊಳೆಯ ಸುಳಿವು ತೀರ ಕ್ಷೀಣ. ಹಾಗಾಗಿ ಸಣ್ಣ ದಿಮ್ಮಿಗಳಿಗೆ ಇಕ್ಕಟ್ಟಾದ ಎರಡನೇ ಚೌಕಟ್ಟು ಮಾಡಿದೆವು. ದೊಡ್ಡದಕ್ಕೆ ಸುರುಳಿ ಬಿಚ್ಚಿ ಹೊಸದಾಗಿ ಸುತ್ತಿದೆ. ದಿಮ್ಮಿಯನ್ನು ಒಮ್ಮೆ ಹಾಯಿಸಿ, ಮಗ್ಗುಲು ಹೊರಳಿಸಿ ಮತ್ತೆ ಹಾಯಿಸುವ ಕ್ರಮ ಮಾಡಿದೆವು.

ಇನ್ನೊಂದು ವ್ಯವಸ್ಥೆಯನ್ನೂ ಸೇರಿಸಿದೆ. ನಮ್ಮ ವೃತ್ತಿಯಲ್ಲಿ ಅದಕ್ಕೆ ಲೈವ್ ಝೀರೋ ಎನ್ನುತ್ತಾರೆ. ಉಪಕರಣ ಸೊನ್ನೆ ತೋರಿಸುವಾಗಲೂ ತಂತಿಯಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರಬೇಕು. ಅದೂ ನಿಂತರೆ ಉಪಕರಣ ಕೆಟ್ಟಿದೆ ಎಂದರ್ಥ. ಸುರುಳಿಗಳಲ್ಲಿ ಕರೆಂಟ್ ಇರುವತನಕ ಹಸಿರು ದೀಪ. ತಂತಿ ತುಂಡಾದರೆ ದೀಪ ಆರುತ್ತದೆ, ಜೊತೆಗೆ ಗರಗಸದ ಮೋಟಾರೂ ನಿಲ್ಲುತ್ತದೆ. ಕಸ್ತೂರಿಯ ಮುಂದೆಯೇ ತಂತಿ ಕಿತ್ತು ತೋರಿಸಿದೆ. ಓಡುತ್ತಿದ್ದ ಗರಗಸ ದನಿ ಇಳಿಸುತ್ತ ನಿಂತಿತು.

ಅವಳು ಮತ್ತೆ ಮೊಳೆಗಳನ್ನು ಅಡಗಿಸಿದಳು. ಈ ಸಲ ಎಲ್ಲವೂ ಸಿಕ್ಕವು, ತಲೆ ಮುರಿದ ಸಣ್ಣದೂ ಸಿಕ್ಕಿತು. ಆಗ ಅವಳು ಕೊನೆಯ ಷರತ್ತು ಹೇಳಿದಳು.

"ಮೊದಲನೇ ದಿಮ್ಮಿ ಕೊಯ್ಯೂಮುಂದ ನೀವು ಇವ್ರ ಬಾಜೂ ನಿಂದರಬೇಕ್ರಿ."

ಶಿವಲಿಂಗ "ಏ ಕಸ್ತೂರಿ, ಅವ್ರು ದೊಡ್ಡವ್ರು..." ಎಂದು ಏನೋ ಹೇಳಹೊರಟ. ನಾನು "ನಿಂದರ್ತೀನವಾ" ಎಂದೆ.

ಹುಣಸೆ ದಿಮ್ಮಿಯನ್ನೇ ಆರಿಸಿದರು. ಕಣ್ಣಿಗೆ ಕನ್ನಡಕ ಕಟ್ಟಿಕೊಂಡು, ಗರಗಸದ ಕಟ್ಟೆ ಹತ್ತಿ ಬಾಳಪ್ಪನ ಎಡಕ್ಕೆ ನಿಂತೆ. ಹೆಲ್ಮೆಟ್ಟಿನ ಕೆಳಗೆ ಬೆವರು ಇಳಿಯುತ್ತಿತ್ತು. ಶಿಳ್ಳೆ ಹಾಕುತ್ತಿದ್ದ ಆ ಪಟ್ಟಿಯ ಕಡೆಗೆ ದಿಮ್ಮಿ ಸರಿಯಿತು. ಸರ್ಕಿಟ್ಟಿನ ಒಂದೊಂದು ಬೆಸುಗೆಯೂ ಕಣ್ಣಮುಂದೆ ಬಂತು: ಅದನ್ನು ಸರಿಯಾಗಿ ಕಾಯಿಸಿದ್ದೆನೇ, ಆ ತುದಿಯನ್ನು ಬಿಗಿದಿದ್ದೆನೇ? ಹಲಗೆ ಸೀಳಿ ಪಕ್ಕಕ್ಕೆ ಬಿತ್ತು. ಎರಡನೆಯದೂ ಬಿತ್ತು. ದಿಮ್ಮಿ ಮುಗಿದಾಗ ಅವನು ಮೋಟಾರು ಆರಿಸಿ, ನನ್ನ ಕಡೆ ನೋಡಿ, "ಇಳೀರಿ ಸಾಹೇಬ್ರ, ಕಾಲು ನಡಗಾಕತ್ತಾವು," ಎಂದ. ನನ್ನವೋ ತನ್ನವೋ ಹೇಳಲಿಲ್ಲ.

ಚೌಕಟ್ಟಿನ ಬಳಿ ಕೂರಲು ಒಬ್ಬರು ಬೇಕಿತ್ತು. ಗಂಟೆ ಹೊಡೆದ ದಿಮ್ಮಿಯನ್ನು ಪಕ್ಕಕ್ಕೆ ಹಾಕಿಸುವ ಕೆಲಸ. ಶಿವಲಿಂಗ ಯಾರನ್ನೋ ಹೆಸರಿಸಿದ. ಕಸ್ತೂರಿ, "ನಾ ಕುಂದರ್ತೀನ್ರಿ. ಸಸಿ ಕೆಲಸ ಬಿಡ್ತೀನಿ. ಆದ್ರ ನಾ ಬ್ಯಾಡ ಅಂದ ದಿಮ್ಮಿ ಗರಗಸಕ್ಕ ಹೋಗಬಾರದು," ಎಂದಳು. ಶಿವಲಿಂಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಒಪ್ಪಿದ.

ಆ ರಸ್ತೆ ಸಾಲಿನ ಮರಗಳಲ್ಲಿ ಏನೇನು ಸಿಕ್ಕವೆಂದರೆ, ಮೊಳೆಗಳ ಜೊತೆಗೆ ಎತ್ತಿನ ಲಾಳ, ಸರಪಳಿಯ ಕೊಂಡಿ, ಒಂದು ಮುರಿದ ಬೀಗ. ಕಬ್ಬಿಣದ ಸುತ್ತ ಮರ ಮಸಿಯಂತೆ ಕಪ್ಪಾಗಿರುತ್ತಿತ್ತು. ಬ್ಲೇಡ್ ಮತ್ತೆ ಸಿಡಿಯಲಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ದಿನ ಶಿವಲಿಂಗ ಮತ್ತೆ ಕರೆಸಿದ. ಆ ಸಾಲಿನ ಅತಿ ದೊಡ್ಡ ಬೇವಿನ ದಿಮ್ಮಿ, ಒಂದೂ ಗಂಟಿಲ್ಲದ್ದು, ಚೌಕಟ್ಟಿನ ಪಕ್ಕದಲ್ಲಿ ಬಿದ್ದಿತ್ತು. ಹಾಯಿಸಿದಾಗಲೆಲ್ಲ ಗಂಟೆ ಅರೆಮನಸ್ಸಿನಿಂದ ಒಮ್ಮೆ ಕಿರ್ ಎನ್ನುತ್ತಿತ್ತು, ಒಮ್ಮೆ ಇಲ್ಲ. ಕಸ್ತೂರಿ ಬೇಡವೆಂದಿದ್ದಳು. ಅಖಂಡ ಕಂಬಗಳಿಗೆಂದು ಅದನ್ನು ಕಾದಿಟ್ಟಿದ್ದ ಶಿವಲಿಂಗ ಕುದಿಯುತ್ತಿದ್ದ. ನಾನು ಮೀಟರು ಹಚ್ಚಿ ನೋಡಿದೆ. ದಿಮ್ಮಿಯ ಒಂದು ಕಡೆ ಹಸಿ ಹೆಚ್ಚಿತ್ತು.

"ಹಸಿ ಮರದ ಗಂಟೆ ಇರಬೇಕವಾ. ಕಬ್ಬಿಣ ಇರಲಿಕ್ಕಿಲ್ಲ," ಎಂದೆ.

"ಇರಲಿಕ್ಕಿಲ್ಲ ಅಂತೀರೋ, ಇಲ್ಲ ಅಂತೀರೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಾಗಬೇಕಿತ್ತು, ಅಷ್ಟೇ. ನಾನು ಮತ್ತೊಮ್ಮೆ ಮೀಟರು ನೋಡಿದೆ. "ಇಲ್ಲ ಅಂತ ಹೇಳಾಕ ಆಗಂಗಿಲ್ಲವಾ," ಎಂದೆ.

"ಹಂಗಾರ ಬ್ಯಾಡ," ಎಂದಳು.

ಗರಗಸಕ್ಕೆ ಹಾಕದೆ, ಒಳಗೇನಿದೆ ನೋಡಲು ದಿಮ್ಮಿಯನ್ನು ಕೊಡಲಿ, ಬೆಣೆ ಹಾಕಿ ಸೀಳಿಸಿದರು. ಎರಡಾಯಿತು, ನಾಲ್ಕಾಯಿತು. ಬಾಳಪ್ಪ ಒಂದೊಂದು ಸೀಳನ್ನೂ ಬಿಸಿಲಿಗೆ ಹಿಡಿದು ನೋಡಿದ. ಎಲ್ಲೂ ಕಪ್ಪು ಕಲೆಯಿಲ್ಲ, ಮೊಳೆಯಿಲ್ಲ. ಒಳ್ಳೆ ಬೇವಿನ ಮರ ಸೌದೆಯ ರಾಶಿಯಾಗಿ ಬಿದ್ದಿತ್ತು. ಎಲ್ಲರೂ ಶಿವಲಿಂಗನನ್ನೇ ನೋಡುತ್ತಿದ್ದರು. ಕಸ್ತೂರಿಯ ಮುಖ ಬಾಡಿತ್ತು, ಆದರೆ ಅವಳು ಕೂತಲ್ಲಿಂದ ಏಳಲಿಲ್ಲ.

ಯಂತ್ರ ಮಾಡಿದವನು ನಾನು, ಹಾಗಾಗಿ ಆ ಮಾತನ್ನು ನಾನೇ ಆಡಬೇಕಿತ್ತು. "ಶಿವಲಿಂಗ, ಆಕಿ ತಪ್ಪು ಮಾಡಿಲ್ಲ. ಯಂತ್ರಕ್ಕ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಬ್ಯಾಡ ಅನ್ನೂದ ಆಕಿ ಕೆಲಸ," ಎಂದೆ.

ಶಿವಲಿಂಗ ಸೀಳಿದ ಮರವನ್ನು ಕಾಲಿನಿಂದ ತಳ್ಳಿದ. ಬಾಳಪ್ಪನ ಕೆನ್ನೆಯ ಮೇಲಿನ ಗಾಯದ ಗೆರೆಯನ್ನು ನೋಡಿದನೆಂದು ನನಗನಿಸಿತು. ಆಮೇಲೆ ಹಮಾಲರ ಕಡೆ ತಿರುಗಿ, "ಏನ್ ನೋಡಾಕತ್ತೀರಿ? ಇದನ್ನ ತಗದು ಹಾಕ್ರಿ, ಆಕಿ ಮುಂದ ಮತ್ತೊಂದು ತರ್ರಿ," ಎಂದ.

ಅಳೆಯುವ ಉಪಕರಣ ಎಂದಾದರೂ ತಪ್ಪುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಯಾವ ಇಂಜಿನಿಯರನಿಗೂ ಆಗುವುದಿಲ್ಲ. ಯಾವ ಕಡೆಗೆ ತಪ್ಪಬೇಕು ಎಂಬುದನ್ನು ಮಾತ್ರ ನಾವು ಮುಂಚೆಯೇ ತೀರ್ಮಾನಿಸಬಹುದು. ಒಂದು ಕಡೆ ತಪ್ಪಿದರೆ ಮರ ಸೌದೆಯಾಗುತ್ತದೆ, ಇನ್ನೊಂದು ಕಡೆ ತಪ್ಪಿದರೆ ಮನುಷ್ಯನ ಕಣ್ಣು ಹೋಗುತ್ತದೆ. ಆ ತೀರ್ಮಾನವನ್ನು ಯಾರ ಮನೆಯವರು ಗರಗಸದ ಮುಂದೆ ನಿಂತಿರುತ್ತಾರೋ ಅವರ ಕೈಗೆ ಕೊಡಬೇಕೆಂದು ನಾನು ಕಲಿತದ್ದು ನೌಕರಿ ಮುಗಿದ ಮೇಲೆ, ಬೇರೆಯವರ ಮಿಲ್ಲಿನಲ್ಲಿ. ಅಂದು ಸಂಜೆಯತನಕ ಅಲ್ಲೇ ಕೂತಿದ್ದೆ. ಕಸ್ತೂರಿ ಇನ್ನೂ ಎರಡು ದಿಮ್ಮಿಗಳನ್ನು ಬೇಡವೆಂದಳು. ಯಾರೂ ಯಾಕೆಂದು ಕೇಳಲಿಲ್ಲ.