ಆಯಿಯ ಹೆಸರು ಬಾಯಿಗೆ ಬರಬಾರದು

ಫೋನಿನಲ್ಲಿ ನನ್ನ ಸ್ವಂತ ದನಿ ಕೇಳಿದರೆ ಅವ್ವನೇ "ಯಾರು ಬೇಕಾಗಿತ್ರಿ?" ಅನ್ನುತ್ತಾಳೆ. ಮಿಮಿಕ್ರಿಗೆಂದು ಊರವರ ದನಿಯೆಲ್ಲ ತೆಗೆದು ತೆಗೆದು ನನ್ನದನ್ನು ಎಲ್ಲೋ ಬಿಟ್ಟು ಬಂದಿದ್ದೇನೆ. ನನ್ನದು ಅಂತ ಉಳಿದದ್ದು ನಾನೇ ಹುಟ್ಟಿಸಿದ 'ಖಡಕ್ ಆಯಿ' ಒಬ್ಬಳೇ. (ಈ ಹೆಸರು ಬಾಯಿಗೆ ಬರಬಾರದಷ್ಟೇ, ಬರೆಯುವುದಕ್ಕೆ ತಡೆ ಇರಲಿಕ್ಕಿಲ್ಲ.) ಇಳಕಲ್ ಸೀರೆ ಉಟ್ಟು, ದವಡೆಯಲ್ಲಿ ಎಲೆಅಡಿಕೆ ಒತ್ತಿಕೊಂಡು ಕಂಡವರನ್ನೆಲ್ಲ ಬೈಯುವ ಮುದುಕಿ. ಕಿತ್ತೂರಿನಿಂದ ಸುರೇಬಾನದವರೆಗೆ ಮದುವೆ ಮನೆಗಳಿಗೆ ಕರೆಯುವುದು ಅವಳನ್ನು. ನಾನು ಬರೀ ಸೀರೆಯೊಳಗಿನ ಸಾಮಾನು.

ಬೈಲಹೊಂಗಲದ ರೊಟ್ಟಿ ವ್ಯಾಪಾರಿಯೊಬ್ಬ ಆ ಹೆಸರನ್ನು ತನ್ನ ಪಾಕೀಟಿನ ಮೇಲೆ ಅಚ್ಚು ಹಾಕಿಸಿ, ಟ್ರೇಡ್‌ಮಾರ್ಕಿಗೆ ಅರ್ಜಿ ಕೊಟ್ಟು, ಹೆಸರು ಬಳಸಬೇಡವೆಂದು ನನಗೇ ನೋಟಿಸು ಕಳಿಸಿದ.

ಸವದತ್ತಿಯ ನಮ್ಮ ವಕೀಲರು ಓದಿ ಅಂದರು, "ಹೆಸರು ಕೇಳಿದ್ರ ಜನಾ ನಿನ್ನ ನೆನಸ್ತಾರ ಅನ್ನೂದಕ್ಕ ಸಾಕ್ಷಿ ಬೇಕೋ ತಮ್ಮಾ. ಅಲ್ಲೀತನಕ ನಿನ್ನ ಬಾಯಾಗ ಅದು ಬರಬಾರದು."

"ಬಾಯಿ ನನ್ನ ಮಾತು ಕೇಳೂದಿಲ್ರೀ."

"ಹೊಲಿಸ್ಕೋ."

ಮುಂದಿನ ಮದುವೆ ರಾಮದುರ್ಗದಲ್ಲಿ. ಗಂಡನ ಹೆಸರನ್ನು ನೇರ ಹೇಳದೆ, ಪ್ರಾಸದ ಒಡಪಿನೊಳಗೆ ಕಟ್ಟಿ ಹೇಳಿ ಮದುಮಗಳು ಹೊಸ್ತಿಲು ದಾಟಿದಳು. ಹಿಂದೆಯೇ ಆಯಿ ವೇಷದಲ್ಲಿ ನಾನು. ಮನೆಯ ಹೆಂಗಸರು ಬಾಗಿಲಿಗೆ ಕೈ ಅಡ್ಡ ಹಿಡಿದರು. "ನೀವೂ ನಿಮ್ಮ ಹೆಸರು ಹೇಳ್ರಿ ಆಯಿ, ಇಲ್ಲಾಂದ್ರ ಬಿಡೂದಿಲ್ಲ!"

ರೊಟ್ಟಿ ಇಳಿಸಲು ಬಂದಿದ್ದ ಅದೇ ವ್ಯಾಪಾರಿ ಅಂಗಳದಲ್ಲಿ ಮೊಬೈಲು ಎತ್ತಿ ನೇರ ನನ್ನ ಬಾಯಿಗೇ ಹಿಡಿದ. ಹೇಳಿದರೆ ಕೇಸು ಹೋಯಿತು, ಹೇಳದಿದ್ದರೆ ಮದುವೆ ಮನೆ ಹೋಯಿತು.

"ಮಲಪ್ರಭಾ ತುಂಬಿದ್ರ ಮುನವಳ್ಳಿಗಿ ಸೊಗಸು,
ನನ್ನ ಹೆಸರ ಹೇಳಿದ್ರ ವಕೀಲರಿಗಿ ಮುನಿಸು!"

ಹೆಂಗಸರು ನಕ್ಕರು. ಕೈ ಮಾತ್ರ ಸರಿಯಲಿಲ್ಲ. "ಒಡಪು ಚಂದೈತಿ, ಹೆಸರೆಲ್ಲಿ?"

ತುದಿನಾಲಿಗೆಗೆ ಬಂದದ್ದನ್ನು ಅಡಿಕೆ ಸಮೇತ ನುಂಗಿದೆ.

ಆಗ ಮದುಮಗನ ಅಜ್ಜಿ ಅಂದಳು, "ಮುದುಕಿ ನಾಚತಾಳ್ರೇ! ನಾವ ಹೇಳೂಣು."

ಅಂಗಳಕ್ಕೆ ಅಂಗಳವೇ ಕೂಗಿತು, "ಖಡಕ್ ಆಯಿ!"

ವ್ಯಾಪಾರಿ ಗೆದ್ದ ಉಮೇದಿಯಲ್ಲಿ ಆ ವಿಡಿಯೋವನ್ನು ನಮ್ಮ ವಕೀಲರಿಗೇ ಕಳಿಸಿದ: ನಿಮ್ಮ ಹುಡುಗ ಇನ್ನೂ ಹೆಸರು ಬಿಟ್ಟಿಲ್ಲ, ನೋಡಿರಿ.

ಮರುದಿನ ವಕೀಲರ ಫೋನು. "ಲೇ ತಮ್ಮಾ, ಸಾಕ್ಷಿ ಅವನಽ ಕಳಿಸ್ಯಾನ! ಮಗ್ಗಲಕ್ಕ ಅದಽ ಹೆಸರಿನ ಅವನ ರೊಟ್ಟಿ ಪಾಕೀಟು ರಾಶಿ ಬಿದ್ದಾವು, ಒಬ್ಬರೂ ಅತ್ಲಾಗ ನೋಡಿಲ್ಲ. ನಿನ್ನ ನೋಡಿ ಕೂಗ್ಯಾರ. ನೀ ಏನೂ ಅಂದಿಲ್ಲ."

"ಹಂಗಾರ ಈಗ ಅನ್ನಲೇನ್ರಿ?"

"ಅರ್ಜಿ ಇನ್ನೂ ನಡದೈತಿ. ಹೊಲಗಿ ಬಿಚ್ಚಬ್ಯಾಡ."