ಡೊಂಬಿವಲಿಯ ಯುದ್ಧ

ಅಂತರ್ಜಾಲದ ಆಟವೊಂದರಲ್ಲಿ ನಾವೆಲ್ಲ ಒಂದೊಂದು ಕಲ್ಪಿತ ದೇಶ ಆಳುತ್ತಿದ್ದೆವು. ಯುದ್ಧ ತೀರ್ಮಾನಿಸುವುದು ದಾಳ. ಮನೆಯಲ್ಲಿ ಕೂತು ಯಾರೂ ಸುಳ್ಳು ಅಂಕಿ ಹೇಳಬಾರದಲ್ಲ, ಅದಕ್ಕೇ ಶತ್ರುಗಳು ಎದುರುಬದುರು ಕೂತೇ ಉರುಳಿಸಬೇಕೆಂದು ನಿಯಮ ಬರೆದೆ.

ನನ್ನ ಶತ್ರು ಕಲ್ಯಾಣದವಳು, ನಾನು ಅದೇ ರೈಲು ಮಾರ್ಗದ ಠಾಣೆ ಊರಿನವನು. ಹಾಗಾಗಿ ನಡುವಿನ ಡೊಂಬಿವಲಿ ಸ್ಟೇಷನ್ನಿನ ಬೆಂಚಿನಲ್ಲಿ ಭಾನುವಾರ ಯುದ್ಧ. ದಾಳ ಹಳಿಗೆ ಬೀಳದಿರಲೆಂದು (ಒಮ್ಮೆ ಬಿದ್ದಿತ್ತು) ಅವಳ ಡಬ್ಬಿಯ ಮುಚ್ಚಳದಲ್ಲಿ ಉರುಳಿಸುತ್ತಿದ್ದೆವು. ಯುದ್ಧ ಮುಗಿಯದಿರಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ.

ಒಂದು ದಿನ ಅವಳೆಂದಳು, "ಬಸ್ ಹೋ ಗಯಾ, ಸಾಕು ಮಹಾರಾಜರೇ, ಸಂಧಿ ಮಾಡುವ."

"ಗೆಲ್ಲುತ್ತಿರುವುದು ನೀವಲ್ಲವಾ?"

"ಹೌದು. ನಿಮ್ಮ ಪ್ರಜೆಗಳನ್ನು ನೋಡಿ ಪಾಪ ಅನಿಸ್ತದೆ."

ಒಪ್ಪಿದೆ. ರಾಜನಾದವನು ಶಾಂತಿ ಬೇಡ ಅನ್ನುವುದು ಹೇಗೆ?

ಲೋಕಲ್ ರೈಲು ಡೊಂಬಿವಲಿಯಲ್ಲಿ ನಿಂತಾಗ ಈಗಲೂ ಆ ಬೆಂಚಿನತ್ತ ಇಣುಕುತ್ತೇನೆ. ನನ್ನ ನಿಯಮಗಳು ಬಹಳ ನ್ಯಾಯವಾಗಿದ್ದವೆಂದು ಗೆಳೆಯರು ಹೊಗಳುತ್ತಾರೆ. ಶಾಂತಿಯಿಂದಿರುವ ದೇಶಗಳು ಭೇಟಿಯಾಗಲು ಮಾತ್ರ ಅವುಗಳಲ್ಲಿ ಒಂದು ಕಾರಣವನ್ನೂ ನಾನು ಬರೆದಿರಲಿಲ್ಲ.